ಇಪ್ಪತ್ತೆರಡು ದಿನದ ನೀರು

ಹದಿನೇಳನೆಯ ಕುಂಡವನ್ನೂ ಅವನು ಬೋರಲು ಹಾಕಿದ. ಕೆಸರಿನ ಜೊತೆ ಒಂದು ಕಪ್ಪು ಕಾಂಡ ಬಾಲ್ಕನಿಯ ನೆಲಕ್ಕೆ ಬಿತ್ತು. ಬೆರಳಿನಿಂದ ಒತ್ತಿದರೆ ಬೆಂದ ಬದನೆಕಾಯಿಯ ಹಾಗೆ ಅಪ್ಪಚ್ಚಿಯಾಯಿತು. ಇನ್ನು ಉಳಿದದ್ದು ಐದೇ ಕುಂಡ.

"ಅಪ್ಪಾ, ಚಿಲಕ ಯಾಕೆ ಹಾಕ್ಕೊಂಡಿದ್ದೀರಾ? ಗಾಡಿ ಬಂದು ನಿಂತಿದೆ." ಬಾಗಿಲಾಚೆ ಮಗಳು.

"ಬಂದೆ, ಒಂದು ನಿಮಿಷ."

"ಹಾಗೇ ಗಿಡಗಳನ್ನೂ ಕೊಡಿ. ಬಂದವರಿಗೆಲ್ಲ ಅಮ್ಮನ ನೆನಪಿಗೆ ಒಂದೊಂದು ಕೊಡ್ತೀನಿ ಅಂತ ಹೇಳಿಬಿಟ್ಟಿದ್ದೀನಿ."

ಅವನು ಅವಸರವಾಗಿ ಹದಿನೆಂಟನೆಯದಕ್ಕೆ ಕೈ ಹಾಕಿದ.

ಮುಂದಿನ ಕೋಣೆಯಲ್ಲಿ, ಹೊಲಿಗೆ ಯಂತ್ರದ ಪಕ್ಕದಲ್ಲಿ ಹೆಂಡತಿಯ ದೇಹವನ್ನು ಮಲಗಿಸಿದ್ದರು. ಸುತ್ತ ಕೂತವರ ಮಾತು ಇಲ್ಲಿಗೂ ಕೇಳುತ್ತಿತ್ತು.

"ಜಿಪ್ ಹಾಕಿಸ್ಕೊಳ್ಳೋಕೆ ಬಂದವಳು ನೆಡೋಕೆ ಅಂತ ಎಲೆ ತಗೊಂಡು ಹೋದೆ," ಎಂದಳು ಪಕ್ಕದ ಮನೆಯ ಟೀಚರ್. "ಜಾಗ ಇಲ್ಲ ಅಂದ್ರೂ ಬಿಡ್ಲಿಲ್ಲ ಪುಣ್ಯಾತ್ಗಿತ್ತಿ."

"ನಂಗೆ ಕೊಟ್ಟಿದ್ದು ಯಾವತ್ತೋ ಸತ್ತುಹೋಯ್ತು," ಎಂದ ಬೇಕರಿಯವನು. "ಬೈತಾರೆ ಅಂತ, ಕೇಳಿದಾಗೆಲ್ಲ ಚಿಗುರಿದೆ ಅಂತಾನೇ ಹೇಳ್ಕೊಂಡು ಬಂದೆ."

ಯಾರೋ ನಕ್ಕು, ನಕ್ಕದ್ದಕ್ಕೆ ಕೆಮ್ಮಿದರು.

ಊರವರ ಮನೆಯಲ್ಲಿ ಸಾವಿರ ಗಿಡ ಬದುಕಿದ್ದರೇನು ಬಂತು. ಅವಳು ಗಂಡನ ಕೈಗೆ ಒಪ್ಪಿಸಿ ಹೋದದ್ದು ಈ ಕುಂಡಗಳನ್ನು. ಕೊಳೆಯದ ಒಂದು ಎಲೆ ಸಿಕ್ಕರೂ ಸಾಕಿತ್ತು.

*

ಮೂವತ್ತು ವರ್ಷ ಅವಳು ಜನರ ಪ್ಯಾಂಟು ಗಿಡ್ಡ ಮಾಡಿದಳು, ಸೊಂಟದ ಹೊಲಿಗೆ ಬಿಡಿಸಿ ಸಡಿಲ ಮಾಡಿದಳು. ಬಿಡುವಾದಾಗ ಈ ದಪ್ಪೆಲೆಯ ಸಕ್ಯುಲೆಂಟ್ ಗಿಡಗಳಿಂದ ಎಲೆ ಬಿಡಿಸಿ ಹಳೆಯ ಪೇಪರಿನ ಮೇಲೆ ಹರಡುತ್ತಿದ್ದಳು. ಪಕ್ಕದಲ್ಲಿ ಟೈಲರ್ ಚಾಕಿನಿಂದ ತಾರೀಖು.

"ನೆಡಲ್ವೇನೆ?" ಎಂದು ಅವನು ಒಮ್ಮೆ ಕೇಳಿದ್ದ.

"ಮುರಿದ ಜಾಗ ಮೊದಲು ಒಣಗ್ಲಿ ರೀ. ಹಸಿ ಗಾಯಕ್ಕೆ ನೀರು ತಾಗಿದ್ರೆ ಕೊಳೆಯುತ್ತೆ. ಇವು ಸುಮ್ನೆ ಬಿಟ್ರೇ ಬದುಕೋದು."

ಸುಮ್ಮನೆ ಬಿಡುವುದು ಅವನ ಜಾಯಮಾನವಲ್ಲ. ಲಿಫ್ಟ್ ಮೆಕ್ಯಾನಿಕ್ ಆಗಿದ್ದಷ್ಟು ಕಾಲ ಬೆಳಗಾದರೆ ಎಣ್ಣೆಡಬ್ಬಿ ಹಿಡಿದು ಓಡಾಡಿದವನು. ಅವಳು ಆಸ್ಪತ್ರೆ ಸೇರಿದ ಮರುದಿನದಿಂದ ಬೆಳಿಗ್ಗೆ ಆರಕ್ಕೆ ಸರಿಯಾಗಿ ಕುಂಡಕ್ಕೊಂದು ಲೋಟ ನೀರು ಶುರುವಾಯಿತು. ಪೇಪರಿನ ಮೇಲಿದ್ದ ಎಲೆಗಳನ್ನೂ ಅಯ್ಯೋ ಪಾಪ ಎಂದು ನೆಟ್ಟು ನೀರು ಹಾಕಿದ. ಎಲೆಗಳು ಮೆತ್ತಗಾಗಿ, ಗಾಜಿನಂತೆ ಬೆಳಕು ಹಾಯುವಂತಾದಾಗ ಬಾಯಾರಿಕೆಯೇನೋ ಎಂದು ಸಂಜೆಯೂ ಹಾಕಿದ. ಅವಳು ಹೇಳಿದ್ದು ಒಂದೂ ನೆನಪಿಗೆ ಬರಲಿಲ್ಲ. ಅವನ ತಲೆಯಲ್ಲಿ ಆಗ ಇದ್ದದ್ದು ಅವಳ ರಕ್ತದ ರಿಪೋರ್ಟ್ ಮಾತ್ರ.

"ಗಿಡ ಹೇಗಿವೆ ರೀ?" ಎಂದು ಫೋನಿನಲ್ಲಿ ಕೇಳಿದಳು. ಹೆಮ್ಮೆಯಿಂದ ಫೋಟೊ ಕಳಿಸಿದ.

ಅವಳು ಫೋಟೊ ನೋಡಿದಳು. ಆಮೇಲೆ, "ಚೆನ್ನಾಗಿವೆ. ಹಾಗೇ ನೋಡ್ಕೊಳ್ಳಿ," ಎಂದಳು.

*

ಇಪ್ಪತ್ತೆರಡನೆಯ ಕುಂಡದಲ್ಲೂ ಏನೂ ಇರಲಿಲ್ಲ. ಅವನು ಚಿಲಕ ತೆಗೆದ.

ಮಗಳು ನೆಲ ನೋಡಿದಳು, ಅಪ್ಪನ ಮೊಣಕಾಲಿನವರೆಗೆ ಮೆತ್ತಿದ ಕೆಸರು ನೋಡಿದಳು.

"ನಾನೇ ಕೊಂದೆ ಕಣಮ್ಮ. ಇಪ್ಪತ್ತೆರಡು ದಿನ ನೀರು ಹಾಕಿ ಹಾಕಿ ಎಲ್ಲಾನೂ ಕೊಂದುಬಿಟ್ಟೆ. ಅವಳು ಚೆನ್ನಾಗಿವೆ ಅಂದ್ಲು, ನಂಬಿಬಿಟ್ಟೆ."

"ಒಂದಷ್ಟಾದ್ರೂ ಉಳಿದಿರುತ್ವೆ ಅಂದ್ಕೊಂಡಿದ್ದೆ. ಅಮ್ಮನಿಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಗಿಡ ಕೊಳೀತಿವೆ ಅಂತ ಫೋಟೊ ನೋಡಿದ ಕೂಡ್ಲೇ ಗೊತ್ತಾಯ್ತು. ನಾನು ನಿಮಗೆ ಹೇಳ್ತೀನಿ ಅಂದೆ. ಬೇಡ, ಬೆಳಿಗ್ಗೆ ಹಾಸಿಗೆ ಬಿಟ್ಟು ಏಳೋಕೆ ಅವರಿಗೆ ಏನಾದ್ರೂ ಒಂದು ಬೇಕಲ್ಲ, ಗಿಡ ಹೋದ್ರೆ ಹೋಗ್ಲಿ ಅಂದ್ಲು."

ಸಮಾಧಾನವಾಗಲಿ ಎಂದೇ ಮಗಳು ಹೇಳಿದ್ದು. ಅವನು ಮಾತ್ರ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿಕೊಂಡು, ಒಳಗಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಅತ್ತ.

"ಹಾಗಾದ್ರೆ ನಾಳೆ ಆರು ಗಂಟೆಗೆ ನಾನು ಏನು ಮಾಡ್ಲಿ? ಹೇಳು, ಏನು ಮಾಡ್ಲಿ?"

ಕೆಳಗೆ ಗಾಡಿಯವನು ಹಾರ್ನ್ ಹೊಡೆದ. ಟೀಚರ್ ಕೈ ತೊಳೆಯಲು ನೀರು ತಂದರೆ ಅವನು ಬೇಡವೆಂದು ತಲೆಯಾಡಿಸಿದ.

ಸ್ಮಶಾನದಲ್ಲಿ ಒಬ್ಬೊಬ್ಬರಾಗಿ ಬಗ್ಗಿ ಹಿಡಿ ಮಣ್ಣು ತೆಗೆದು ಗುಂಡಿಗೆ ಹಾಕಿದರು. ಒಣಮಣ್ಣು ಬೆರಳ ಸಂದಿಯಿಂದಲೇ ಸುರಿದುಹೋಗುತ್ತಿತ್ತು. ಅವನು ಬಗ್ಗಲಿಲ್ಲ. ಅವನ ಮುಷ್ಟಿಯಲ್ಲಿ ಬಾಲ್ಕನಿಯಿಂದ ಹಿಡಿದು ತಂದಿದ್ದ ಕುಂಡದ ಮಣ್ಣಿತ್ತು. ಗುಂಡಿಯ ಮೇಲೆ ಕೈ ಚಾಚಿ ಬೆರಳು ಬಿಡಿಸಿದ. ಅದು ಬೀಳಲಿಲ್ಲ. ಕೊಡವಿದ, ಮತ್ತೆ ಕೊಡವಿದ. ಕೊನೆಗೆ ಮಗಳು ಆ ಕೈಯನ್ನು ತನ್ನ ಕೈಗೆ ತೆಗೆದುಕೊಂಡು, ಅಂಗೈಗೆ ಕಚ್ಚಿಕೊಂಡಿದ್ದ ಒದ್ದೆ ಮಣ್ಣನ್ನು ಉಗುರಿನಿಂದ ಸ್ವಲ್ಪ ಸ್ವಲ್ಪವೇ ಕೆರೆದು ಕೆಳಗೆ ಹಾಕತೊಡಗಿದಳು.