ಎರಡನೇ ಗಂಟೆ

ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುತ್ತಿದೆ, ಉಕ್ಕಿನ ಹೊಳಪಿನಲ್ಲಿ ಅವಳ ಮುಖ ಎರಡು ಹೋಳಾಗಿ ಬಂದು ಮೂಗಿನ ನೇರಕ್ಕೆ ಕೂಡಿಕೊಂಡಿತು, ಎಷ್ಟು ಸೊರಗಿದೀಯೇ ಅಂತ ಅತ್ತೆ ಇವತ್ತೂ ಅನ್ನದೆ ಬಿಡುವುದಿಲ್ಲ, ಮಗನನ್ನು ಕಳಕೊಂಡ ಚಳಿಗಾಲದಿಂದ ತಾವೇನು ಮೈತುಂಬಿಕೊಂಡಿದ್ದಾರೋ — ಮಧ್ಯಾಹ್ನ ಈ ಲಿಫ್ಟಿಗೆ ಹೊಸ ಪ್ರೋಗ್ರಾಂ ತುಂಬಿದ್ದು ಇದೇ ಕೈ, ಬ್ಯಾಗಿನ ಪಟ್ಟಿ ಹಿಂಡುತ್ತಿರುವ ಈ ಕೈ, ಗಂಟೆ ಎರಡು ಸಲ ಹೊಡೆಯುತ್ತಿದ್ದದ್ದು ಗಂಡನ ತಪ್ಪು, ಅದರಲ್ಲಿ ಮುಚ್ಚುಮರೆ ಏನು, ಇಬ್ಬರದೂ ಒಂದೇ ಲಿಫ್ಟ್ ಕಂಪನಿ, ಎದುರುಬದುರು ಮೇಜು, ಅವನು ಬರೆದ ಮ್ಯಾಕ್ರೋ ಅದು, ಪ್ರೋಗ್ರಾಮಿನಲ್ಲಿ ಹೆಸರು ಬಂದ ಕಡೆಯೆಲ್ಲ ಬಿಡಿಸಿಕೊಳ್ಳುವ ಅಚ್ಚು, ಕೊಟ್ಟ ಕೆಲಸ ಆಯಿತೇ ಎಂದು ನೋಡುವುದು, ಆದದ್ದನ್ನು ದಾಖಲಿಸುವುದು, ಆದರೆ ಮ್ಯಾಕ್ರೋಗೆ ಬುದ್ಧಿ ಎಲ್ಲಿಂದ ಬರಬೇಕು, ಬಾಯಿಪಾಠದವರ ಹಾಗೆ, ಗಂಟೆ ಹೊಡಿ ಎಂದು ಕೊಟ್ಟ ಒಂದೇ ಮಾತನ್ನು ಎರಡೂ ಕಡೆ ಒಪ್ಪಿಸಿಬಿಟ್ಟಿತು, ನೋಡುವ ಕಡೆ ಗಂಟೆ ಹೊಡಿ, ದಾಖಲಿಸುವ ಕಡೆ ಮತ್ತೆ ಗಂಟೆ ಹೊಡಿ, ಬರೆದದ್ದು ಯಂತ್ರದ ಭಾಷೆಗೆ ಕಂಪೈಲ್ ಆಗುವಾಗಲೇ ಹೀಗೆ ಬಿಡಿಸಿಕೊಂಡು ಒಂದೊಂದು ಲಿಫ್ಟಿನ ಮಾಡ್ಯೂಲಿನೊಳಗೂ ಒಂದೊಂದು ಪ್ರತಿಯಾಗಿ ಇಳಿದು ತಾನು ಮಾಯ, ಲಿಫ್ಟು ಓಡುವ ಹೊತ್ತಿಗೆ ಮ್ಯಾಕ್ರೋ ಅನ್ನುವುದೇ ಇಲ್ಲ, ಅದು ಬಿಟ್ಟುಹೋದದ್ದು ಮಾತ್ರ ಇದೆ, ಮ್ಯಾಕ್ರೋ ಅಳಿಸಿದ್ರೂ ಒಳಗಿಳಿದದ್ದು ಹೋಗಲ್ಲ ಕಣೇ, ಮತ್ತೆ ಕಂಪೈಲ್ ಮಾಡಿ ತುಂಬೋವರೆಗೂ ಇರತ್ತೆ, ಎಂದವನೂ ಅವನೇ, ತಪ್ಪು ತೋರಿಸಿದರೆ ನಗು ಬೇರೆ, ಒಂದು ಗಂಟೆ ಊರಿಗೆ, ಒಂದು ನಮ್ಮನೆಗೆ, ನಾಳೆ ಸರಿಮಾಡ್ತೀನಿ ಬಿಡು. ಅವನ ನಾಳೆಗಳೆಲ್ಲ ಹಾಗೇ.

ಎರಡನೇ ಮಹಡಿ, ಯಾರ ಮನೆಯದೋ ಸೋಪಿನ ವಾಸನೆ, ಹೆತ್ತವರಿಗೆ ಹೆಗ್ಗಣ ಮುದ್ದು, ಅತ್ತೆಯ ಪಾಲಿಗೆ ಅದು ತಪ್ಪೇ ಅಲ್ಲ, ಮಗ ಲಿಫ್ಟಿಗೆ ಕಲಿಸಿದ ಮಾತು, ಸಂಜೆ ಎರಡನೇ ಗಂಟೆ ಹೊಡೆಯಿತೋ ಚಿಲಕ ತೆಗೆದೇಬಿಡುತ್ತಾರೆ, ಅವನು ಹೋದ ಮೇಲೂ ತೆಗೆಯುತ್ತಾರೆ, ಬಂದ್ಯಾ ಅನ್ನುವ ಮೊದಲು ಸೊಸೆಯ ಹೆಗಲಿನಾಚೆ ಒಂದು ಗಳಿಗೆ ನೋಡುತ್ತಾರೆ, ಅವಳು ಕಂಡೂ ಕಾಣದವಳ ಹಾಗೆ ಬ್ಯಾಗು ಇಳಿಸುತ್ತಾಳೆ — ಆದರೆ ಮೇಲಕ್ಕೆ ಹೋಗುವ ಲಿಫ್ಟಿಗೆ ಒಂದು ಗಂಟೆ, ಕೆಳಕ್ಕೆ ಎರಡು, ಅದು ನಿಯಮ, ಕಣ್ಣಿದ್ದವರು ಯಾರು ಎಣಿಸುತ್ತಾರೆ, ಆಸ್ಪತ್ರೆಯ ಟೆಲಿಫೋನ್ ಆಪರೇಟರಮ್ಮನಿಗೆ ಕಣ್ಣಿಲ್ಲ, ಆಕೆ ಎಣಿಸುತ್ತಾಳೆ, ಇದೇ ಮ್ಯಾಕ್ರೋ ಇಳಿದಿದ್ದ ಅಲ್ಲಿನ ಹೊಸ ಲಿಫ್ಟಿನ ಎರಡು ಗಂಟೆ ನಂಬಿ ಮನೆಗೆಂದು ಕೆಳಗಿಳಿಯಲು ಹತ್ತಿದವಳು ಮೇಲೆ ಹೋಗಿ, ರಿಪೇರಿಗೆ ಅಗೆದ ನೆಲದಲ್ಲಿ ಎಡವಿ ಮಣಿಕಟ್ಟು ಮುರಿದುಕೊಂಡಳು, ಒಂದು ಕಟ್ಟಡಾನೂ ಬಿಡ್ಬೇಡಿ ಮೇಡಂ, ಎಲ್ಲಾ ಕಡೆ ಹೊಸದು ತುಂಬಿ, ಎಂದ ಮ್ಯಾನೇಜರ್ ಆಮೇಲೆ ದನಿ ತಗ್ಗಿಸಿ, ನಿಮ್ಮನೇದು ಬೇಕಾದ್ರೆ ಹಾಗೇ ಇರ್ಲಿ, ಅಲ್ಲಿ ಎಲ್ಲರಿಗೂ ಕಣ್ಣು ಕಾಣತ್ತಲ್ಲ, ಪಾಪ, ಒಳ್ಳೆಯ ಮನುಷ್ಯ, ಇವತ್ತು ಕಾಣುತ್ತದೆ ಸ್ವಾಮಿ, ಅತ್ತೆಯ ಕಣ್ಣಿಗೇ ಪೊರೆ ಬರುತ್ತಿದೆ, ಅವನ ತಪ್ಪಿನಿಂದ ಇನ್ನೊಬ್ಬರ ಕೈ ಮುರಿಯಬಾರದು, ತುಂಬಿಬಿಟ್ಟಳು, ಹಸಿರು ದೀಪ ಮಿಟುಕಿತು, ಅವನು ಇನ್ನೊಮ್ಮೆ ಹೋದ. ಅತ್ತೆಗೆ ಹೇಳಬೇಕೆಂದು ಫೋನ್ ಎತ್ತಿದವಳು ಏನಂತ ಹೇಳುವುದು ಎಂದು ಕೆಳಗಿಟ್ಟಿದ್ದಳು.

ಲಿಫ್ಟು ನಿಂತಿತು, ಠಣ್, ಸರಿಯಾಗಿ ಹೊಡೆಯಿತು, ಒಂದೇ, ಎಷ್ಟು ಅಚ್ಚುಕಟ್ಟು, ಅವಳಿಗೆ ಅಚ್ಚುಕಟ್ಟು ಬೇಡ, ಅವನು ಬೇಕು, ಆ ಸೋಮಾರಿ, ಆ ನಾಳೆ ನಾಳೆ ಅನ್ನುವವನು ಬೇಕು, ಬಾಗಿಲು ತೆರೆದು ಎರಡು ಹೆಜ್ಜೆ ಇಟ್ಟರೆ ಮನೆಯ ಬಾಗಿಲು, ಬೀಗದ ಕೈ ಬ್ಯಾಗಿನಲ್ಲೇ ಇದೆ, ತೆಗೆಯಲಾಗುತ್ತಿಲ್ಲ, ಬಾಗಿಲ ಮಂಜುಗಾಜಿನ ಆಚೆ ಅತ್ತೆಯ ನೆರಳು, ಆಗಲೇ ಬಂದು ನಿಂತಿದ್ದಾರೆ, ಕತ್ತು ಒಂದು ಕಡೆಗೆ ವಾಲಿಸಿ, ಕೈ ಚಿಲಕದ ಮೇಲೆ, ತೆಗೆಯುತ್ತಿಲ್ಲ, ಇನ್ನೊಂದು ಹೊಡೆಯಲಿ ಎಂದು ಕಾಯುತ್ತಿದೆ ಆ ಕೈ, ಚಿಲಕದ ಮೇಲೆ ಕೈ —