ಭಾವನ ಲೋಟ

ಅಂಗಡಿಗಳ ಬೋರ್ಡು ಬರೆಯುವ ಪೇಂಟರಿಗೆ ಹೆಂಡತಿಯ ಅಣ್ಣನೆಂದರೆ ಪ್ರಾಣ. ಔಷಧಿ ಅಂಗಡಿ ಇಟ್ಟಿದ್ದ ಈ ಭಾವ ತನ್ನ ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿದ್ದ. ಸಂಜೆ ಗಿರಾಕಿಗಳು ಕಡಿಮೆಯಾಗುತ್ತಲೇ ಕೌಂಟರನ್ನು ಕೆಲಸದವಳಿಗೆ ಒಪ್ಪಿಸಿ ಹಿಂದಿನ ಕೋಣೆಗೆ ಬರುತ್ತಿದ್ದ. ರಟ್ಟಿನ ಪೆಟ್ಟಿಗೆಗಳ ನಡುವೆ ಎರಡು ಸ್ಟೂಲು, ಎರಡು ಸ್ಟೀಲ್ ಲೋಟ. ಲೋಟಕ್ಕೆ ಮದ್ಯ ತುಂಬಿಸುವವನು ಯಾವಾಗಲೂ ಭಾವನೇ. ಪೇಂಟರು ಹೊಟ್ಟೆ ತುಂಬ ನಗುತ್ತಿದ್ದುದು ಅಲ್ಲಿ ಮಾತ್ರ.

ಪೇಂಟರ ಹೆಂಡತಿ ಈ ಕುಡಿತಕ್ಕೆ ಗೊಣಗಿದಾಗ ಭಾವನೇ ಅವಳ ಬಾಯಿ ಮುಚ್ಚಿಸಿದ್ದ. ಲಿವರಿಗೆಂದೇ ಗಿಡಮೂಲಿಕೆಯ ಕ್ಯಾಪ್ಸೂಲು ಬಂದಿದೆ, ಕುಡಿದ ಮೇಲೆ ಒಂದು ನುಂಗಿದರೆ ಸಾಕು, ತಾನೂ ಅದನ್ನೇ ನುಂಗುತ್ತಿದ್ದೇನೆ, ತನಗೇನಾಗಿದೆ ನೋಡು ಎಂದಿದ್ದ. ಅಣ್ಣನ ಮಾತೆಂದು ಅವಳು ದಿನಾ ಊಟದ ತಟ್ಟೆಯ ಪಕ್ಕ ಕ್ಯಾಪ್ಸೂಲು ಇಡತೊಡಗಿದಳು. ಪೇಂಟರಿಗೂ ಧೈರ್ಯ ಬಂತು. ಒಂದು ಲೋಟ ಎರಡಾಯಿತು, ಎರಡು ಮೂರಾಯಿತು.

ಏಣಿ ಹತ್ತಿದರೆ ಸುಸ್ತು, ಅನ್ನ ಕಂಡರೆ ವಾಕರಿಕೆ ಶುರುವಾದಾಗ ಹೆಂಡತಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ರಕ್ತದ ರಿಪೋರ್ಟು ನೋಡಿದ ಡಾಕ್ಟರಮ್ಮ ಸುತ್ತಿಬಳಸಲಿಲ್ಲ. ಕುಡಿತದ ಪೆಟ್ಟನ್ನು ತಡೆಯುವ ಕ್ಯಾಪ್ಸೂಲು ಯಾವುದೂ ಇಲ್ಲ, ಇಂಥವು ಕೆಲವೊಮ್ಮೆ ಲಿವರನ್ನೇ ಕೆಡಿಸುವುದೂ ಉಂಟು, ಎರಡನ್ನೂ ಬಿಡಿ, ಕೈಕಾಲು ನಡುಗಿದರೆ ತಡಮಾಡದೆ ಬನ್ನಿ ಎಂದರು.

ಪೇಂಟರಿಗೆ ಮೊದಲು ನೆನಪಾದವನು ಭಾವ. ತನಗೇ ಹೀಗಾದರೆ ವಯಸ್ಸಾದ ಅವನ ಗತಿಯೇನು? ಹೆಂಡತಿಯನ್ನು ಮನೆಗೆ ಕಳಿಸಿ ನೇರ ಅಂಗಡಿಗೆ ಹೋದ. ಹಿಂದಿನ ಕೋಣೆಯಲ್ಲಿ ಎರಡೂ ಲೋಟ ತುಂಬಿದ್ದವು. ಇನ್ನು ಸಾಕು, ಇಬ್ಬರೂ ಬಿಡೋಣ ಎನ್ನುತ್ತ ಭಾವನ ಲೋಟವನ್ನೇ ಮೊದಲು ಎತ್ತಿ ಸಿಂಕಿಗೆ ಸುರಿದ. ಮದ್ಯದ ವಾಸನೆಯೇ ಬರಲಿಲ್ಲ. ತಳದಲ್ಲಿ ಉಳಿದದ್ದನ್ನು ನಾಲಿಗೆಗೆ ತಾಗಿಸಿದ. ಬರೀ ನಿಂಬೆ ನೀರು.

“ಎಷ್ಟು ದಿನದಿಂದ ಭಾವ?”

ಭಾವ ತಲೆ ತಗ್ಗಿಸಿದ. “ಎರಡು ವರ್ಷ ಆಯ್ತು. ಲಿವರ್ ಕೆಟ್ಟಿದೆ ಅಂದ್ರು. ಅವತ್ತೇ ಬಿಟ್ಟೆ. ಕ್ಯಾಪ್ಸೂಲನ್ನೂ ಬಿಡಿಸಿದ್ರು.”

“ಮತ್ತೆ ನನಗ್ಯಾಕೆ ಕೊಡ್ತಾ ಬಂದ್ರಿ?”

“ನಾನು ಬಿಟ್ಟೆ ಅಂದ್ರೆ ನೀನು ಬರೋದೇ ನಿಲ್ಲಿಸ್ತೀಯ ಅನ್ನಿಸ್ತು. ಸಂಜೆ ಹೊತ್ತು ನನಗೆ ಬೇರೆ ಯಾರಿದ್ದಾರೆ ಹೇಳು.”

ಪೇಂಟರು ಲೋಟ ಕೆಳಗಿಟ್ಟ. “ಕೂತು ನಗೋಕೆ ಜೊತೆ ಬೇಕಿತ್ತು. ಆ ಜೊತೆ ಬದುಕಿರಬೇಕು ಅನ್ನೋದು ಮಾತ್ರ ನಿಮಗೆ ಹೊಳೀಲೇ ಇಲ್ಲ,” ಎಂದು ಹೊರಬಂದುಬಿಟ್ಟ.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದ. ಅಣ್ಣ ತನ್ನ ಕೈಯಿಂದಲೇ ಇದನ್ನೆಲ್ಲ ಮಾಡಿಸಿದನಲ್ಲ ಎಂಬುದೇ ಅವಳ ಸಂಕಟ. ಮರುದಿನ ಉಳಿದ ಕ್ಯಾಪ್ಸೂಲುಗಳನ್ನೆಲ್ಲ ಒಯ್ದು, ಗಿರಾಕಿಗಳೆದುರೇ ಕೌಂಟರಿನ ಮೇಲಿಟ್ಟು, ಹಿಂತಿರುಗಿದಳು.

ಪೇಂಟರು ಕುಡಿತ ಬಿಟ್ಟ. ಬೇಸಿಗೆ ಕಳೆಯುವಷ್ಟರಲ್ಲಿ ಮತ್ತೆ ಏಣಿ ಹತ್ತುವಂತಾದ. ಭಾವ ಆಗಾಗ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ತಂಗಿ ಕುಡಿಯಲು ನೀರು ಕೊಡುತ್ತಾಳೆ. ಕೂತ್ಕೋ ಎನ್ನುವುದಿಲ್ಲ.