ಮುಟ್ಟಿದವರ ಹೆಸರು

ನೌರೀನ್ ಮೂರನೆಯ ಸಲ ಬಾಗಿಲು ಬಡಿದಳು. ಒಳಗೆ ನೀರು ಸುರಿಯುವ ಸದ್ದು ನಿಂತಿತು.

"ಭಯ್ಯಾ, ಒಂದೇ ನಿಮಿಷ. ಆ ಗೋಡೆ ಕಪಾಟಿನ ಬಾಗಿಲು ತೆಗಿ. ಒಳಗಡೆ ಒಂದು ಕಾಗದ ಅಂಟಿಸಿದಾರೆ. ಅದನ್ನ ಕಿತ್ತು ಕೊಡು."

"ನಿಂಗೇನು ತಲೆ ಕೆಟ್ಟಿದ್ಯಾ?" ಒಳಗಿನಿಂದ ಅಣ್ಣ ಫೈಜಾನ್ ರೇಗಿದ. "ಅಬ್ಬಾಗೆ ಕೊನೇ ಸ್ನಾನ ಮಾಡಿಸ್ತಾ ಇದೀವಿ ಇಲ್ಲಿ. ಕಾಗದ ಬೇಕಂತೆ ಕಾಗದ!"

"ಬೇಕು ಭಯ್ಯಾ."

"ಆಮೇಲೆ ನೋಡೋಣ, ಹೋಗು."

"ಆಮೇಲೆ ಆಗಲ್ಲ. ಮಧ್ಯಾಹ್ನ ಜೊಹರ್ ನಮಾಜ್ ಆದ್ಮೇಲೆ ನೀನು ಎಲ್ಲರ ಮುಂದೆ ನಿಂತು ಕೇಳ್ತೀಯಲ್ಲ, ಅಷ್ಟರೊಳಗೆ ಆಗ್ಬೇಕು."

ಬಾಗಿಲಿಗೆ ಹಣೆ ಒತ್ತಿಕೊಂಡು ನಿಂತ ಅವಳಿಗೆ ಕಪಾಟಿನ ಬಾಗಿಲು ಕಿರ್ರೆಂದದ್ದು, ಕಾಗದ ಪರ್ರೆಂದದ್ದು ಎರಡೂ ಕೇಳಿಸಿತು. ಬಾಗಿಲು ನಾಲ್ಕು ಬೆರಳಿನಷ್ಟು ತೆರೆಯಿತು. ಒದ್ದೆ ಕೈಯೊಂದು ಕಾಗದವನ್ನು ಹೊರಕ್ಕೆ ಚಾಚಿತು. ಅದಕ್ಕೆ ಕರ್ಪೂರದ ವಾಸನೆ ಹತ್ತಿತ್ತು, ಒಂದು ಮೂಲೆಯಲ್ಲಿ ಶಾಯಿ ಕದಡಿತ್ತು.

ಜನಾಜಾದ, ಅಂದರೆ ಶವಸಂಸ್ಕಾರದ, ಪ್ರಾರ್ಥನೆಗೆ ಮೊದಲು ಸತ್ತವರ ಮಗ ಎದ್ದು ನಿಂತು, ನಮ್ಮ ತಂದೆಯಿಂದ ಯಾರಿಗಾದರೂ ತಪ್ಪಾಗಿದ್ದರೆ ಹೇಳಿ, ಇಲ್ಲವೇ ಮಾಫ್ ಮಾಡಿ ಎಂದು ಕೇಳುವುದು ಅವರಲ್ಲಿ ರೂಢಿ. ಸಾಮಾನ್ಯವಾಗಿ ಎಲ್ಲರೂ "ಮಾಫ್, ಮಾಫ್" ಅಂದುಬಿಡುತ್ತಾರೆ. ಆದರೆ ಈವತ್ತು ಶಿವಮೊಗ್ಗದ ಟ್ರಸ್ಟ್ ಆಸ್ಪತ್ರೆಯ ಮ್ಯಾನೇಜರ್ ವಿಜಯೇಂದ್ರ ಬರುವವನಿದ್ದ. ಬೆಳಗ್ಗೆ ಎಂಟಕ್ಕೇ ಫೋನ್ ಮಾಡಿ, ಸಂತಾಪವನ್ನೂ ಬ್ಲಡ್ ಬ್ಯಾಂಕಿನ ಸರ್ವರ್ ಕೆಟ್ಟ ಸುದ್ದಿಯನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದ.

"ಸಾಹೇಬ್ರು ಹೋದ್ರಂತೆ, ತುಂಬಾ ಬೇಜಾರಾಯ್ತಮ್ಮ. ಇಲ್ಲಿ ಬ್ಲಡ್ ಬ್ಯಾಂಕ್ ಪ್ರೋಗ್ರಾಂ ಮೇಲೇಳ್ತಾನೇ ಇಲ್ಲ. ಎರಡು ಆಪರೇಷನ್ ಮುಂದಕ್ಕೆ ಹಾಕಿದೀವಿ. ಪಾಪ, ವಯಸ್ಸಾಗಿತ್ತು, ಕೊನೇ ಕೆಲಸ ಹಿಂಗೆ ಕೆಡಿಸಿಟ್ಟು ಹೋದ್ರು. ಇರ್ಲಿ ಬಿಡು. ನಿಮ್ಮಲ್ಲಿ ಕೇಳ್ತಾರಲ್ಲ, ಆಗ ನಾನೇ ನಿಂತು ಆಸ್ಪತ್ರೆ ಕಡೆಯಿಂದ ಮಾಫ್ ಅಂತ ಹೇಳ್ತೀನಿ."

ಅವನು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ, ಅದೇ ಕಷ್ಟ. ಅವಳ ಊರು ಕಾಗದನಗರದ ಎಲ್ಲರ ಎದುರು ಅಬ್ಬಾ ಸಮೀವುಲ್ಲಾನನ್ನು, ಅವನು ಮಾಡದ ತಪ್ಪಿಗಾಗಿ ಕ್ಷಮಿಸುವವನಿದ್ದ. ತಪ್ಪು ಅಬ್ಬಾನದ್ದಲ್ಲ, ತನ್ನದು ಎಂಬುದು ನೌರೀನ್ ಒಬ್ಬಳಿಗೇ ಗೊತ್ತಿತ್ತು. ವಿಜಯೇಂದ್ರ ಬಾಯಿ ತೆರೆಯುವ ಮೊದಲು ಸರ್ವರ್ ಎದ್ದುಬಿಟ್ಟರೆ ಮಾಫ್ ಮಾಡಲು ಏನೂ ಉಳಿಯುವುದಿಲ್ಲ, ಯಾರು ಕೆಡಿಸಿದ್ದು ಎಂದು ಯಾರೂ ಕೇಳುವುದೂ ಇಲ್ಲ. ಅಷ್ಟೇ ಅವಳ ಲೆಕ್ಕಾಚಾರ.

*

ಸಮೀವುಲ್ಲಾ ಕಾಗದದ ಮಿಲ್ಲಿನ ಕಂಪ್ಯೂಟರ್ ಸೆಕ್ಷನ್ನಿನಲ್ಲಿದ್ದವನು. ಮಿಲ್ ನಿಂತಾಗ ಕ್ವಾರ್ಟರ್ಸಿನ ಅರ್ಧ ಜನ ಗಂಟುಮೂಟೆ ಕಟ್ಟಿದರು. ಅವನು ಮಾತ್ರ ಐವತ್ತು ದಾಟಿದ ಮೇಲೆ ಟಿಫಿನ್ ಡಬ್ಬಿ ಹಿಡಿದು, ದಿನಾ ಬೆಳಗ್ಗೆ ಶಿವಮೊಗ್ಗದ ಬಸ್ಸು ಹತ್ತತೊಡಗಿದ. ಟ್ರಸ್ಟ್ ಆಸ್ಪತ್ರೆಯ ಬ್ಲಡ್ ಬ್ಯಾಂಕಿನ ಹಿಂದಿನ ಸಣ್ಣ ಕೋಣೆಯಲ್ಲಿ ಒಂದು ಸರ್ವರ್ ಇತ್ತು. ಬಿಳಿ ಬಣ್ಣದ್ದು ಹಳದಿಗೆ ತಿರುಗಿತ್ತು. ಅದರ ಪ್ರೋಗ್ರಾಂ ಬರೆದ ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಹೊಸದು ತರಿಸಿ ಎಂದು ಸಮೀವುಲ್ಲಾ ಪ್ರತಿ ವರ್ಷ ಅರ್ಜಿ ಕೊಡುತ್ತಿದ್ದ, ಮುಂದಿನ ವರ್ಷ ನೋಡೋಣ ಎಂದು ಟ್ರಸ್ಟಿಗಳು ಪ್ರತಿ ವರ್ಷ ಹೇಳುತ್ತಿದ್ದರು. ಅವನು ಆ ಸರ್ವರಿಗೆ ಮುದುಕ ಎಂದು ಹೆಸರಿಟ್ಟಿದ್ದ.

ನೌರೀನ್ ಬಿಸಿಎ ಮುಗಿಸಿ ಅವನಿಗೆ ಸಹಾಯಕಿಯಾಗಿ ಸೇರಿದ ಮೊದಲ ದಿನ, ಅವನು ತೆರೆದು ತೋರಿಸಿದ್ದು ಮುದುಕನೊಳಗಿದ್ದ ಒಂದು ಫೈಲು. ದಿನಚರಿ ಅದರ ಹೆಸರು.

"ಇದನ್ನ ಯಾರು ಮುಟ್ತಾರೋ ಅವರು ಇಲ್ಲಿ ಬರೀಬೇಕು. ಯಾವತ್ತು, ಎಷ್ಟೊತ್ತಿಗೆ, ಏನು ಮಾಡಿದ್ರು, ಮುಟ್ಟಿದವರ ಹೆಸರು."

"ತಪ್ಪು ಮಾಡಿದ್ರೂ ಬರೀಬೇಕಾ ಅಬ್ಬಾ?"

"ತಪ್ಪು ಮಾಡಿದ್ರೇನೇ ಬರೀಬೇಕು ಮಾರಾಯ್ತಿ! ಸುಳ್ಳು ಬರೆದ್ರೆ ಮುದುಕನ ಕಾಯಿಲೆ ನಾಳೆ ಬರೋರಿಗೆ ಹೆಂಗೆ ಗೊತ್ತಾಗ್ಬೇಕು?"

ಪ್ಯಾಚ್ ಅಂದರೇನು ಎಂದು ಹೆಂಡತಿ ವಜೀರಾ ಒಮ್ಮೆ ಕೇಳಿದ್ದಳು. "ಹರಿದ ಶರ್ಟಿಗೆ ತೇಪೆ ಹಾಕ್ತೀಯಲ್ಲ, ಅದೇ," ಅಂದಿದ್ದ. "ಹಳೇ ಬಟ್ಟೆ, ಜೋರಾಗಿ ಎಳೀಬಾರ್ದು ಅಷ್ಟೇ." ಮುದುಕನಿಗೆ ಪ್ಯಾಚ್ ಹಾಕಿದಾಗಲೆಲ್ಲ ಅದು ಹಳೆಯ ಸೆಟ್ಟಿಂಗ್ ಫೈಲನ್ನು ಬದಿಗಿಟ್ಟು ತನ್ನದೊಂದನ್ನು ತಂದು ಕೂರಿಸುತ್ತಿತ್ತು. ರೀಸ್ಟಾರ್ಟ್ ಮಾಡುವ ಮೊದಲು ಹಳೆಯದನ್ನು ವಾಪಸ್ ಹಾಕಬೇಕು. ಮರೆತು ರೀಸ್ಟಾರ್ಟ್ ಒತ್ತಿದರೆ ಹಳೆಯದು ಅಳಿಸಿಯೇ ಹೋಗುತ್ತದೆ. ಅದಕ್ಕೇ ಅವನು ಆ ಹಳೆಯ ಫೈಲನ್ನು ಪ್ರಿಂಟ್ ತೆಗೆದು ಮನೆಯ ಕಪಾಟಿನೊಳಗೆ ಅಂಟಿಸಿದ್ದ. ಮಿಲ್ಲಿನ ಮನುಷ್ಯ, ಅವನಿಗೆ ಡಿಸ್ಕಿಗಿಂತ ಕಾಗದದ ಮೇಲೆ ನಂಬಿಕೆ.

*

ನಡುಕೋಣೆಯ ಕಿಟಕಿಯ ಪಕ್ಕ ಕೂತು, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ನೌರೀನ್ ಒಂದೊಂದೇ ಸಾಲು ಟೈಪ್ ಮಾಡತೊಡಗಿದಳು. ಮನೆಯಿಂದಲೇ ಮುದುಕನನ್ನು ಮುಟ್ಟಲು ಅಬ್ಬಾ ದಾರಿ ಮಾಡಿಟ್ಟಿದ್ದ. ಸುತ್ತ ಹೆಂಗಸರು ಕೂತು ಮೆಲ್ಲಗೆ ಕುರಾನ್ ಓದುತ್ತಿದ್ದರು. ಅಮ್ಮಿ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು.

ಪಕ್ಕದ ಕ್ವಾರ್ಟರ್ಸಿನ ಚಿನ್ನಮ್ಮ ಫ್ಲಾಸ್ಕಿನಲ್ಲಿ ಚಹಾ ತಂದವಳು ಅವಳನ್ನು ನೋಡಿ ಅಲ್ಲೇ ನಿಂತಳು. "ಅಯ್ಯೋ, ಏನೇ ಇದು? ಅಪ್ಪ ಹೋಗಿದಾರೆ, ನೀನು ಕಂಪ್ಯೂಟರ್ ಕುಟ್ತಾ ಇದೀಯ? ಜನ ಏನಂತಾರೆ?"

"ಅಬ್ಬಾ ಕೆಲಸಾನೇ ಆಂಟಿ."

"ಅವರ ಕೆಲಸ ಮುಗೀತಲ್ಲೇ."

"ಮುಗಿದಿಲ್ಲ."

ಚಿನ್ನಮ್ಮ ಒಂದು ಲೋಟ ಚಹಾ ಅವಳ ಪಕ್ಕ ಇಟ್ಟು ಹೋದಳು.

ಹೊರಗೆ ಕಾರು ನಿಂತ ಸದ್ದಾಯಿತು. ಬಿಳಿ ಶರ್ಟು, ಹೊಳೆಯುವ ಕರಿ ಬೂಟು, ಕೈಯಲ್ಲಿ ಹೂವಿನ ಹಾರ. ವಿಜಯೇಂದ್ರ ಹಾರವನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಕಡೆಗೆ ಕಾಂಪೌಂಡಿನ ಮೇಲಿಟ್ಟು, ಕಿಟಕಿಯ ಹತ್ತಿರ ಬಂದ.

"ನೌರೀನ್, ಏನಾದ್ರೂ ಗೊತ್ತಾಯ್ತೇನಮ್ಮ?"

"ಇನ್ನರ್ಧ ಗಂಟೇಲಿ ಆಗತ್ತೆ ಸಾರ್."

"ಆದ ತಕ್ಷಣ ಆ ದಿನಚರಿ ಫೈಲ್ ನಂಗೆ ಕಳಿಸು. ಟ್ರಸ್ಟಿಗಳು ಕೇಳ್ತಿದಾರೆ, ಯಾಕೆ ಹಿಂಗಾಯ್ತು ಅಂತ." ಆಮೇಲೆ ದನಿ ತಗ್ಗಿಸಿದ. "ಒಂದನೇ ತಾರೀಖಿಂದ ಸಾಹೇಬ್ರ ಜಾಗಕ್ಕೆ ನಿನ್ನೇ ತಗೋಬೇಕು ಅಂತ ಇದೆ. ಅವರೇ ಹೋದ ವಾರ ಬಂದು ಹೇಳಿದ್ರು, ನನ್ನ ನಂತರ ಅವಳನ್ನೇ ತಗೊಳ್ಳಿ, ನನಗಿಂತ ಹುಷಾರು ನನ್ನ ಮಗಳು ಅಂತ."

ನೌರೀನ್ ತಲೆಯೆತ್ತದೆ ಮುಂದಿನ ಸಾಲು ಟೈಪ್ ಮಾಡಿದಳು.

*

ಹಿಂದಿನ ದಿನ ಸಂಜೆ ಐದಕ್ಕೆ ಅಬ್ಬಾ ಪ್ಯಾಚ್ ಹಾಕಿದ್ದ. ಎದೆಯಲ್ಲಿ ಏನೋ ಹಿಡಿದ ಹಾಗಿದೆ, ಗ್ಯಾಸ್ ಇರಬೇಕು ಎಂದು ಎದೆ ನೀವಿಕೊಂಡ. "ಉಳಿದದ್ದು ನಾಳೆ ಬೆಳಗ್ಗೆ ನಾನೇ ಮಾಡ್ತೀನಿ. ನೀನು ರೀಸ್ಟಾರ್ಟ್ ಮುಟ್ಬೇಡ," ಎಂದು ಬಸ್ಸಿನಲ್ಲಿ ಎರಡು ಸಲ ಹೇಳಿದ.

ರಾತ್ರಿಯ ಇಶಾ ನಮಾಜಿಗೆ ಅವನು ಮಸೀದಿಗೆ ಹೋಗಿದ್ದಾಗ ಅವಳು ಲ್ಯಾಪ್‌ಟಾಪ್ ತೆರೆದಳು. ರೀಸ್ಟಾರ್ಟ್ ಮಾಡಲೇ, ಮಾಡಲೇ ಎಂದು ಮುದುಕ ಐದೈದು ನಿಮಿಷಕ್ಕೊಮ್ಮೆ ಪೀಡಿಸುತ್ತಿತ್ತು. ಹಳೆಯ ಫೈಲನ್ನು ಅಬ್ಬಾ ಆಗಲೇ ಹಾಕಿರುತ್ತಾನೆ, ಹೆದರಿಕೆಗೆ ಹಾಗೆ ಹೇಳುತ್ತಾನೆ ಅಂದುಕೊಂಡಳು. ಬೆಳಗ್ಗೆ ಅವನು ಬರುವಷ್ಟರಲ್ಲಿ ಎಲ್ಲ ಸಿದ್ಧವಿರಲಿ ಎಂಬ ಉತ್ಸಾಹ ಬೇರೆ. ಎಂಟು ಐವತ್ತೈದಕ್ಕೆ ಒತ್ತಿದಳು. ಪ್ರೋಗ್ರಾಂ ಮೇಲೇಳಲಿಲ್ಲ.

ಒಂಬತ್ತಕ್ಕೆ ಬ್ಲಡ್ ಬ್ಯಾಂಕಿನ ಟೆಕ್ನಿಷಿಯನ್ ಮಧುಸೂದನ ಫೋನ್ ಮಾಡಿದ. ಅವಳ ಬಾಯಿಂದ ಬಂದದ್ದು ಒಂದೇ ಮಾತು: "ಅಬ್ಬಾ ಪ್ಯಾಚ್ ಹಾಕಿದಾರೆ ಅಲ್ವಾ, ಅದಕ್ಕೇ ಇರ್ಬೇಕು. ಬೆಳಗ್ಗೆ ಸರಿಯಾಗತ್ತೆ." ನಮಾಜು ಮುಗಿಸಿ ಬಂದ ಅಬ್ಬಾನಿಗೆ ಊಟ ಬಡಿಸಿದಳು, ಆದರೆ ಏನೂ ಹೇಳಲಿಲ್ಲ. ದಿನಚರಿಯಲ್ಲೂ ಬರೆಯಲಿಲ್ಲ. ಬೆಳಗಿನ ನಮಾಜಿಗೆ ಕೈಕಾಲು ತೊಳೆಯಲು ಹೋದವನು ನಲ್ಲಿಯ ಹತ್ತಿರವೇ ಕುಸಿದಿದ್ದ. ಏನೂ ಗೊತ್ತಾಗದೆ ಹೋದನಲ್ಲ ಎಂಬುದೊಂದೇ ಬೆಳಗಿನಿಂದ ಅವಳಿಗೆ ಸಮಾಧಾನ.

*

ಕೊನೆಯ ಸಾಲಿಗೆ, ರಕ್ತ ಪರೀಕ್ಷೆ ಮಷಿನ್ನಿನ ನೆಟ್‌ವರ್ಕ್ ನಂಬರಿಗೆ, ಬಂದಾಗ ಅಂಕಿ ಕಾಣಲಿಲ್ಲ. ಶಾಯಿ ಕದಡಿದ್ದು ಅಲ್ಲೇ. ಅವಳು ಮಧುಸೂದನನಿಗೆ ಫೋನ್ ಹಚ್ಚಿದಳು.

"ಮಧು ಅಣ್ಣ, ರಕ್ತ ಪರೀಕ್ಷೆ ಮಷಿನ್ ಹಿಂದುಗಡೆ ಅಬ್ಬಾ ಒಂದು ಚೀಟಿ ಅಂಟಿಸಿದಾರೆ. ಅದರಲ್ಲಿರೋ ನಂಬರ್ ಓದಿ."

"ಅಯ್ಯೋ, ಅದರ ಹಿಂದೆ ಕೈಯೂ ಹೋಗಲ್ಲ ಮಾರಾಯ್ತಿ."

"ತಲೆ ಹಾಕಿ. ಬೇಗ."

ಏನೋ ಎಳೆದಾಡಿದ ಸದ್ದು, ಸೀನು, ಬೈಗುಳ. "ಕೊನೇಲಿ ನಲವತ್ತೇಳು. ಏಳಕ್ಕೆ ಅಡ್ಡಗೀಟು ಇದೆ, ಸಾಹೇಬ್ರ ಏಳು."

ನಲವತ್ತೇಳು ಹಾಕಿದಳು. ಹೊರಗೆ ಮಸೀದಿಯಲ್ಲಿ ಜೊಹರ್ ಮುಗಿಸಿದ ಗಂಡಸರು ಕ್ವಾರ್ಟರ್ಸಿನ ಮುಂದಿನ ಬಯಲಿಗೆ ಬರತೊಡಗಿದ್ದರು. ಪ್ರೋಗ್ರಾಂ ಒಮ್ಮೆ ನಿಂತಿತು, ಯೋಚಿಸಿತು, ಮತ್ತೆ ನಿಂತಿತು. ನೌರೀನ್ ಉಗುರು ಕಚ್ಚಿದಳು. ಕೆಂಪಗಿದ್ದ ಸಾಲು ಹಸಿರಾಯಿತು.

"ಬಂತು! ಲೇಬಲ್ ಪ್ರಿಂಟ್ ಆಗ್ತಿದೆ ಕಣಮ್ಮ!" ಮಧುಸೂದನ ಕೂಗಿದ.

ಅವಳು ಫೋನ್ ಇಟ್ಟು ದಿನಚರಿ ತೆರೆದಳು. ನಿನ್ನೆ ರಾತ್ರಿಯದೇನೂ ಅದರಲ್ಲಿಲ್ಲ, ಬರೆದರೂ ಬಿಟ್ಟರೂ ತನ್ನ ಕೈಯಲ್ಲೇ ಇದೆ ಅಂದುಕೊಂಡಿದ್ದಳು. ಆದರೆ ಕೊನೆಯಲ್ಲಿ ಹೊಸದೊಂದು ಬರಹವಿತ್ತು. ಬರೆದ ಸಮಯ ಬೆಳಗಿನ ನಾಲ್ಕು ಹತ್ತು.

"ನಿನ್ನೆ ರಾತ್ರಿ 8:55. ಹಳೆಯ ಫೈಲ್ ಹಾಕದೆ ರೀಸ್ಟಾರ್ಟ್ ಮಾಡಲಾಗಿದೆ. ಕಪಾಟಿನ ಕಾಗದ ನೋಡಿ ಬೆಳಗ್ಗೆ ಸರಿಪಡಿಸುವುದು. ಮುಟ್ಟಿದವರ ಹೆಸರು: ಸಮೀವುಲ್ಲಾ."

ಅವಳು ಎರಡು ಸಲ ಓದಿದಳು. ಅವನಿಗೆ ಗೊತ್ತಿತ್ತು. ಎದ್ದು, ನೋಡಿ, ಯಾರ ಕೆಲಸವೆಂದು ತಿಳಿದು, ಅವಳನ್ನು ಎಬ್ಬಿಸದೆ ಇದನ್ನು ಬರೆದು, ಆಮೇಲೆ ನಲ್ಲಿಯ ಹತ್ತಿರ ಹೋಗಿದ್ದ. ಎಂಟು ಐವತ್ತೈದಕ್ಕೆ ಅವನು ಮಸೀದಿಯಲ್ಲಿ ನಮಾಜಿಗೆ ನಿಂತದ್ದನ್ನು ಅರ್ಧ ಕಾಗದನಗರ ನೋಡಿತ್ತು. ಅಷ್ಟು ವರ್ಷದ ದಿನಚರಿಯಲ್ಲಿ ಅವನು ಬರೆದ ಸುಳ್ಳು ಇದೊಂದೇ.

ಇದನ್ನು ಹೀಗೇ ಕಳಿಸಿದರೆ ಒಂದನೇ ತಾರೀಖಿಗೆ ಕೆಲಸ ಸಿಗುತ್ತದೆ. ಅಬ್ಬಾ ಬರೆದದ್ದೂ ಅದಕ್ಕೇ.

"ನೌರೀನ್, ಮುಖ ನೋಡ್ಬಾ. ಎತ್ತುತಾರೆ ಈಗ," ಅಮ್ಮಿ ಕರೆದಳು.

ಮುಂಗೋಣೆಯಲ್ಲಿ ಕಫನಿನ ಬಿಳಿ ಬಟ್ಟೆಯೊಳಗೆ ಮುಖವೊಂದೇ ಕಾಣುತ್ತಿತ್ತು. ಕನ್ನಡಕವಿಲ್ಲದ ಮುಖ. ಬೆಳಗಿನಿಂದ ತಡೆದಿದ್ದ ಅಳು ಈಗ ಹಿಡಿತಕ್ಕೆ ಸಿಗಲಿಲ್ಲ. ಅವಳು ಬಗ್ಗಿ ಕಿವಿಯ ಹತ್ತಿರ ಪಿಸುಗುಟ್ಟಿದಳು.

"ನಿಮಗೆ ಸುಳ್ಳು ಬರೆಯೋಕೆ ಬರಲ್ಲ ಅಬ್ಬಾ. ಟೈಮಾದ್ರೂ ನೋಡ್ಕೋಬಾರ್ದಾ?"

*

ಬಯಲಿನಲ್ಲಿ ಅಬ್ಬಾನನ್ನು ಮುಂದಿಟ್ಟು ಗಂಡಸರು ಸಾಲಾಗಿ ನಿಂತರು. ವಿಜಯೇಂದ್ರ ತಲೆಗೆ ಕರವಸ್ತ್ರ ಕಟ್ಟಿಕೊಂಡು, ಎಲ್ಲಕ್ಕಿಂತ ಹಿಂದೆ, ಬದಿಗೆ ನಿಂತಿದ್ದ. ನೌರೀನ್ ಮತ್ತೆ ಕಿಟಕಿಯ ಪಕ್ಕ ಕೂತು ಲ್ಯಾಪ್‌ಟಾಪ್ ಎಳೆದುಕೊಂಡಳು. ಸಮೀವುಲ್ಲಾ ಎಂಬುದನ್ನು ಒಂದೊಂದೇ ಅಕ್ಷರ ಅಳಿಸಿದಳು. ಆ ಜಾಗದಲ್ಲಿ ನೌರೀನ್ ಎಂದು ಬರೆದಳು. ಎರಡು ಸಲ ತಪ್ಪಾಗಿ ತಿದ್ದಿದಳು.

ಫೈಜಾನ್ ಮುಂದೆ ಬಂದು ಜನರ ಕಡೆ ತಿರುಗಿದ. ಅವನ ತೋಳು ಇನ್ನೂ ಒದ್ದೆಯಾಗಿತ್ತು.

"ನಮ್ಮ ಅಬ್ಬಾರಿಂದ ಯಾರಿಗಾದ್ರೂ ನೋವಾಗಿದ್ರೆ, ಯಾರ ಕೆಲಸಾನಾದ್ರೂ ಕೆಡಿಸಿದ್ರೆ, ಈಗ್ಲೇ ಹೇಳಿ. ಇಲ್ಲಾಂದ್ರೆ ಮಾಫ್ ಮಾಡಿ."

"ಮಾಫ್, ಮಾಫ್," ಎಂದು ಸಾಲುಗಳು ಗುನುಗಿದವು. ವಿಜಯೇಂದ್ರ ಗಂಟಲು ಸರಿಮಾಡಿಕೊಂಡು ಕೈ ಎತ್ತಿದ. ನೌರೀನ್ ಕಳಿಸುವ ಗುಂಡಿ ಒತ್ತಿದಳು.

ಅವನ ಜೇಬಿನಲ್ಲಿ ಫೋನ್ ಸದ್ದು ಮಾಡಿತು. ಎತ್ತಿದ ಕೈಯನ್ನು ಹಾಗೇ ಇಟ್ಟುಕೊಂಡು ಇನ್ನೊಂದರಲ್ಲಿ ತೆಗೆದು ನೋಡಿದ. ಫೈಜಾನ್ ಅವನನ್ನೇ ನೋಡುತ್ತಿದ್ದ, "ಹೇಳಿ ಸಾರ್" ಅಂದ. ವಿಜಯೇಂದ್ರ ಓದಿದ, ಕಿಟಕಿಯ ಕಡೆ ನೋಡಿದ, ಮತ್ತೆ ಓದಿದ. ನೌರೀನ್ ಕಣ್ಣು ತಪ್ಪಿಸಲಿಲ್ಲ.

"ಇಲ್ಲಪ್ಪ," ಅಂದ ಕಡೆಗೆ, ಎಲ್ಲರಿಗೂ ಕೇಳುವಂತೆ. "ಸಾಹೇಬ್ರಿಂದ ನಮಗೇನೂ ತಪ್ಪಾಗಿಲ್ಲ. ನಾನೇ ಬೆಳಗ್ಗೆ ಅವರ ಬಗ್ಗೆ ಆಡಬಾರದ ಮಾತು ಆಡಿದೆ." ಎತ್ತಿದ ಕೈ ಇಳಿಸಿದ.

ಪ್ರಾರ್ಥನೆ ಮುಗಿಯಿತು. ಜನಾಜಾ ಎತ್ತುವಾಗ ಅವನು ಬಗ್ಗಿ ಬೂಟು ಕಳಚಿ, ಫೋನನ್ನು ಜೇಬಿಗೆ ತುರುಕಿ, ಬರಿಗಾಲಲ್ಲಿ ಓಡಿಹೋಗಿ ಫೈಜಾನನ ಹಿಂದೆ ಹೆಗಲು ಕೊಟ್ಟ. ಜನ ರಸ್ತೆಯ ತಿರುವಿನಲ್ಲಿ ಕಣ್ಮರೆಯಾದರು.

ಒಂದನೇ ತಾರೀಖಿಗೆ ಏನಾಗುತ್ತದೋ ನೌರೀನಳಿಗೆ ಗೊತ್ತಿರಲಿಲ್ಲ. ಬಯಲಿನಲ್ಲಿ, ಬಿಸಿಲಿನಲ್ಲಿ, ಕರಿ ಬೂಟುಗಳು ಎರಡೇ ಉಳಿದಿದ್ದವು. ಅವಳು ಹೊರಗೆ ಹೋಗಿ ಅವನ್ನು ಎತ್ತಿಕೊಂಡು ಬಂದು ಧೂಳು ಒರೆಸಿದಳು. ಮೆಟ್ಟಿಲ ಮೇಲೆ, ನಿನ್ನೆ ರಾತ್ರಿ ಬಿಟ್ಟಲ್ಲೇ ಇದ್ದ ಅಬ್ಬಾನ ಚಪ್ಪಲಿಗಳ ಪಕ್ಕ ಜೋಡಿಸಿಟ್ಟಳು.